ಅಜ್ಜಿಗೆ ಡ್ಯೂಟಿ ಹಾಕಿದ ವಾರ್ಡು

ಬೆಳಿಗ್ಗೆ ಏಳೂವರೆಗೆ ವಾರ್ಡಿನ ಬಾಗಿಲು ತಳ್ಳುವ ಹೊತ್ತಿಗೇ ದೊಡ್ಡ ಸಿಸ್ಟರ್‌ಗೆ ಸಾಕುಸಾಕಾಗಿರುತ್ತಿತ್ತು. ಡ್ಯೂಟಿ ಇನ್ನೂ ಶುರುವಾಗಬೇಕು. ಮನೆಯಲ್ಲಿ ಒಲೆಯ ಮುಂದೆ ನಿಂತದ್ದು, ಬಸ್ಸಿನಲ್ಲಿ ನಿಂತದ್ದು, ಇನ್ನು ಮಧ್ಯಾಹ್ನ ಎರಡೂವರೆಯವರೆಗೆ ನಿಲ್ಲಬೇಕಾದದ್ದು, ಎಲ್ಲವೂ ಸೇರಿ ಹಿಮ್ಮಡಿಯಲ್ಲಿ ಬಿಡಾರ ಹೂಡಿದ್ದವು. ಇಪ್ಪತ್ತೆರಡು ವರ್ಷದ ಸರ್ವೀಸು. ಹೆಂಗಸರ ಆಪರೇಷನ್ ವಾರ್ಡು, ಹನ್ನೆರಡು ಬೆಡ್ಡು, ಡ್ಯೂಟಿಗೆ ಇಬ್ಬರು ನರ್ಸುಗಳು. ಅದೃಷ್ಟ ಚೆನ್ನಾಗಿದ್ದ ದಿನ ಮೂವರು.

ಇದರ ಮೇಲೆ ಬಂದದ್ದು ಬ್ಯಾಂಡು.

ಬೂದು ಬಣ್ಣದ, ಕೈಗಡಿಯಾರದಂಥ ಪಟ್ಟಿ ಅದು. ಡ್ಯೂಟಿಗೆ ಬಂದವರು ಔಷಧಿ ಬೀರುವಿನ ಗಾಜಿನ ಮೇಲೆ ಬೆರಳಿಟ್ಟು, ಬ್ಯಾಂಡನ್ನು ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಆಮೇಲೆ ಅದು ಕೈಯ ನಾಡಿಯನ್ನು ನೋಡುತ್ತಲೇ ಇರುತ್ತದೆ. ಕೈಯಲ್ಲಿ ಇರುವಷ್ಟು ಹೊತ್ತು ಬೀರುವೂ ರೋಗಿಗಳ ಚಾರ್ಟು ಇರುವ ಟ್ಯಾಬೂ ಅವರಿಗೆ ತೆರೆದುಕೊಳ್ಳುತ್ತವೆ. ಯಾವ ಔಷಧಿ ಯಾರು ತೆಗೆದರು ಎಂಬುದು ತಾನಾಗಿ ದಾಖಲಾಗುತ್ತದೆ. ಬ್ಯಾಂಡ್ ಕಟ್ಟಿಕೊಂಡು ರೋಗಿಯ ಬೆಡ್ಡಿನ ಹತ್ತಿರ ಹೋದರೆ, ಆ ರೋಗಿಗೆ ಕೊನೆಯ ಇಂಜೆಕ್ಷನ್ ಎಷ್ಟು ಗಂಟೆಗೆ ಆಯಿತು ಎಂದು ಟ್ಯಾಬು ತೋರಿಸುತ್ತದೆ. ಬ್ಯಾಂಡ್ ಬಿಚ್ಚಿದರೆ ಎಲ್ಲ ಲಾಕ್.

ಕೇಳುವುದಕ್ಕೆ ಚೆನ್ನಾಗಿತ್ತು. ಆದರೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಮುಂಚೆ ಮೊಣಕೈವರೆಗೆ ಕೈ ತೊಳೆಯಬೇಕಲ್ಲ? ತೊಳೆಯಬೇಕೆಂದರೆ ಬ್ಯಾಂಡ್ ಬಿಚ್ಚಬೇಕು. ಬಿಚ್ಚಿದರೆ ಲಾಕ್. ಮತ್ತೆ ಬೆರಳಿಡಲು ಹೋದರೆ ಒದ್ದೆ ಬೆರಳನ್ನು ಗಾಜು ಒಪ್ಪದು. ಒರೆಸಿ ಇಟ್ಟರೆ ಸೋಪಿಗೆ ಸವೆದ ಬೆರಳು, ಅದಕ್ಕೆ ಗುರುತೇ ಸಿಗದು. ಅಷ್ಟರಲ್ಲಿ ಎರಡನೇ ಬೆಡ್ಡಿನಾಕೆ ನೋವಿಗೆ ಕೂಗುತ್ತಿರುತ್ತಾಳೆ. ಡಾಕ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುತ್ತಾರೆ.

"ನನ್ನ ಅತ್ತೆ ಕೂಡ ಇಷ್ಟು ಸಲ ನೀನ್ಯಾರು ಅಂತ ಕೇಳಿಲ್ಲ," ಎನ್ನುತ್ತಿದ್ದಳು ಚಿಕ್ಕ ಸಿಸ್ಟರ್. ಮದುವೆಯಾಗಿ ಆರು ತಿಂಗಳಾದವಳು.

ಉಪಾಯ ಕಂಡುಹಿಡಿದದ್ದೂ ಅವಳೇ. ಬ್ಯಾಂಡ್ ಜಾರಿದರೆ ಸರಿಮಾಡಿಕೊಳ್ಳಲಿ ಎಂದು ಯಂತ್ರ ಹತ್ತು ಸೆಕೆಂಡು ಕಾಯುತ್ತದೆ. ಆ ಹತ್ತು ಸೆಕೆಂಡಿನೊಳಗೆ ಇನ್ನೊಂದು ಕೈಗೆ ಕಟ್ಟಿಬಿಟ್ಟರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ನಾಡಿ ಬೇಕು ಅಷ್ಟೆ. ಯಾರದಾದರೂ ಸರಿ.

ಬೀರುವಿನ ಪಕ್ಕದಲ್ಲೇ ನಾಲ್ಕನೇ ಬೆಡ್ಡು. ಅಲ್ಲಿ ಸೊಂಟ ಮುರಿದುಕೊಂಡ ಅಜ್ಜಿ ಐದು ವಾರದಿಂದ ಮಲಗಿದ್ದರು. ಎದ್ದು ಎಲ್ಲಿಗೂ ಹೋಗುವಂತಿಲ್ಲ, ಕೈ ತೊಳೆಯುವಂತಿಲ್ಲ. ನಾಡಿ ಮಾತ್ರ ಗಟ್ಟಿ. ಬೆಳಿಗ್ಗೆ ದೊಡ್ಡ ಸಿಸ್ಟರ್ ಬೆರಳಿಟ್ಟು ಬೀರು ತೆರೆದರೆ, ಬ್ಯಾಂಡು ಅಜ್ಜಿಯ ಕೈಗೆ. ಮಧ್ಯಾಹ್ನದವರೆಗೆ ಬೀರು ಅವರ ಹೆಸರಿನಲ್ಲೇ ತೆರೆದಿರುತ್ತಿತ್ತು. ಯಾರಿಗೆ ಏನು ಬೇಕೋ ತೆಗೆದುಕೊಳ್ಳುವುದು, ಪುರುಸೊತ್ತಾದಾಗ ಎಲ್ಲವನ್ನೂ ಒಟ್ಟಿಗೆ ಬರೆಯುವುದು.

"ಬಾರೇ, ಕಟ್ಟೇ," ಅಜ್ಜಿ ಕೈ ಚಾಚುತ್ತಿದ್ದರು. "ಮಲಗಿದ ಕಡೆಯೇ ನೌಕರಿ ಸಿಕ್ಕಿದ್ದು ನನಗೊಬ್ಬಳಿಗೇ."

"ರಜೆ ಕೇಳ್ಬೇಡಿ ಅಜ್ಜಿ, ಜನ ಕಮ್ಮಿ ಇದ್ದಾರೆ."

"ಪೆನ್ಷನ್ ಆದ್ರೂ ಕೊಡಿಸ್ತೀಯೇನೇ?"

ವಾರ್ಡೆಲ್ಲ ನಗುತ್ತಿತ್ತು. 'ಅಜ್ಜಿಗೆ ಡ್ಯೂಟಿ ಹಾಕಿದ್ರಾ?' ಎಂದು ಕೇಳುವುದು ಅಲ್ಲಿ ರೂಢಿಯಾಗಿಹೋಯಿತು. ದೊಡ್ಡ ಸಿಸ್ಟರ್‌ಗೆ ಒಳಗೊಳಗೇ ಅಳುಕಿತ್ತು. ಆದರೆ ಅಳುಕುವುದಕ್ಕೂ ಒಂದಿಷ್ಟು ಶಕ್ತಿ ಬೇಕು.

ಆ ದಿನ ಮೂವರಿದ್ದರು. ದೊಡ್ಡ ಸಿಸ್ಟರ್, ಚಿಕ್ಕ ಸಿಸ್ಟರ್, ಮಕ್ಕಳ ವಾರ್ಡಿನಿಂದ ಎರವಲು ಬಂದ ಇನ್ನೊಬ್ಬ ನರ್ಸು. ಆರನೇ ಬೆಡ್ಡಿನಲ್ಲಿ ಹಿಂದಿನ ದಿನ ಕಾಲಿನ ಆಪರೇಷನ್ ಆದ ಹೆಂಗಸು. ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು, ಹಾಗಾಗಿ ಎಲ್ಲರೂ ಬೇಕರಿಯಾಕೆ ಎನ್ನುತ್ತಿದ್ದರು. ಹನ್ನೊಂದು ಗಂಟೆ ಹೊತ್ತಿಗೆ ಆಕೆ ನೋವು ತಾಳಲಾರದೆ ಒದ್ದಾಡಿದಳು. ನೋವಿನ ಜೋರು ಇಂಜೆಕ್ಷನ್ ಕೊಟ್ಟಾಯಿತು.

ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಊಟದ ತಟ್ಟೆ ತಂದ ಆಯಾ ಕೂಗಿದಳು. "ಸಿಸ್ಟರ್, ಇವರು ಏಳ್ತಾನೇ ಇಲ್ಲ! ತುಟಿ ನೋಡಿ, ನೀಲಿ ಆಗಿದೆ!"

ದೊಡ್ಡ ಸಿಸ್ಟರ್ ಓಡಿದರು. ಬೇಕರಿಯಾಕೆ ಉಸಿರಾಡುತ್ತಿದ್ದಳು, ಆದರೆ ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಎದೆ ನಿಂತೇಹೋದಂತೆ ಕಾಣುತ್ತಿತ್ತು. ಆಮ್ಲಜನಕದ ಮಾಸ್ಕು, ಡಾಕ್ಟರಿಗೆ ಕರೆ, ಔಷಧಿಯ ಕಾವು ಇಳಿಸುವ ಇನ್ನೊಂದು ಇಂಜೆಕ್ಷನ್. ಇಪ್ಪತ್ತು ನಿಮಿಷ ಆಕೆಯ ಉಸಿರು ಎಣಿಸುತ್ತಾ ನಿಂತರು. ಆಮೇಲೆ ಆಕೆ ಕಣ್ಣು ಬಿಟ್ಟು "ನೀರು" ಎಂದಳು. ದೊಡ್ಡ ಸಿಸ್ಟರ್ ಬೆಡ್ಡಿನ ಕಂಬಿ ಹಿಡಿದು ನಿಂತರು.

ಡಾಕ್ಟರು ದಾಖಲೆ ತೆಗೆಸಿದರು. ಬೀರುವಿನಿಂದ ಅದೇ ಇಂಜೆಕ್ಷನ್ ಎರಡು ಸಲ ಹೊರಬಂದಿತ್ತು. ಹನ್ನೊಂದು ಹತ್ತಕ್ಕೊಂದು, ಹನ್ನೊಂದು ಮೂವತ್ತೈದಕ್ಕೊಂದು. ಎರಡೂ ದೊಡ್ಡ ಸಿಸ್ಟರ್ ಹೆಸರಿನಲ್ಲಿ.

"ಎರಡು ಸಲ ಕೊಟ್ರಾ?" ಡಾಕ್ಟರು ಕೇಳಿದರು.

"ಒಂದು ಕೊಟ್ಟಿದ್ದು ನೆನಪಿದೆ," ಎಂದರು ದೊಡ್ಡ ಸಿಸ್ಟರ್.

"ಇನ್ನೊಂದು?"

ಅವರು ಚಿಕ್ಕ ಸಿಸ್ಟರ್ ಮುಖ ನೋಡಿದರು. ಅವಳು ಇಲ್ಲವೆಂದು ತಲೆಯಾಡಿಸಿದಳು. ಎರವಲು ಬಂದ ನರ್ಸು, "ನಾನು ಆರನೇ ಬೆಡ್ಡಿನ ಕಡೆ ಹೋಗ್ಲೇ ಇಲ್ಲ" ಎಂದಳು. ಇಬ್ಬರ ಕಣ್ಣಲ್ಲೂ ಇದ್ದದ್ದು ಭಯ. ಸುಳ್ಳಿನ ಭಯವೋ ನಿಜದ ಭಯವೋ, ನೋಡಿ ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ವಿಚಾರಣೆ ಎಂದು ನರ್ಸುಗಳ ಮೇಲಧಿಕಾರಿ ಮೇಟ್ರನ್ ಹೇಳಿಕಳಿಸಿದರು.

ಸಂಜೆ ಮನೆಯಲ್ಲಿ ದೊಡ್ಡ ಸಿಸ್ಟರ್ ಚಪ್ಪಲಿ ಬಿಟ್ಟವರು ಹಾಗೇ ಹೊಸ್ತಿಲ ಮೇಲೆ ಕೂತರು. ಗಂಡ ಟೈಲರ್. ಮುಂದಿನ ಕೋಣೆಯೇ ಅಂಗಡಿ. ಮೆಷಿನ್ನು ನಿಲ್ಲಿಸಿ ಎದ್ದು ಬಂದ. ಕತೆಯೆಲ್ಲ ಕೇಳಿದ ಮೇಲೆ, "ಇದರಲ್ಲಿ ಯೋಚನೆ ಮಾಡೋದೇನಿದೆ? ನಾನಲ್ಲ ಅಂತ ಹೇಳು. ಬ್ಯಾಂಡು ಕೆಟ್ಟಿತ್ತು ಅನ್ನು. ಮೆಷಿನ್ ಬಂದು ಎದುರು ವಾದ ಮಾಡುತ್ತಾ?" ಎಂದ.

"ಬ್ಯಾಂಡು ಕೆಟ್ಟಿರ್ಲಿಲ್ಲ. ಅಜ್ಜಿ ಕೈಯಲ್ಲಿತ್ತು."

"ಅದನ್ನ ಹೇಳಿದ್ರೆ ಕೆಲಸ ಹೋಗುತ್ತೆ ಕಣೇ."

"ಗೊತ್ತು."

"ನೀನು ಎರಡು ಸಲ ಕೊಟ್ಟಿಲ್ಲ ತಾನೇ?"

ದೊಡ್ಡ ಸಿಸ್ಟರ್ ಹನ್ನೊಂದು ಹತ್ತರಿಂದ ಹನ್ನೆರಡರವರೆಗಿನ ಹೊತ್ತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಮಡಚಿ ಬಿಡಿಸಿ ನೋಡಿದ್ದರು. ಎರಡನೇ ಬೆಡ್ಡಿನ ಡ್ರಿಪ್ಪು ಬದಲಿಸಿದ್ದು ನೆನಪಿತ್ತು. ಒಂಬತ್ತರಾಕೆಯ ಡಿಸ್ಚಾರ್ಜ್ ಕಾಗದ. ಎರಡು ಸಲ ಫೋನು. ನಡುವೆ ಕೆಲವು ನಿಮಿಷ ಬಟ್ಟ ಬಯಲು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ, ತಲೆ ಎಲ್ಲೋ ಇರುತ್ತದೆ. ಅಂಥ ನಿಮಿಷಗಳು.

"ಅದೇ ನನಗೆ ಗೊತ್ತಿಲ್ಲ ರೀ," ಎಂದರು. "ಅಷ್ಟು ಸುಸ್ತಾಗಿತ್ತು. ಮರೆತು ಇನ್ನೊಂದು ಸಲ ಕೊಟ್ಟಿದ್ರೂ ಕೊಟ್ಟಿರಬಹುದು. ನಾನೇ ಇರಬಹುದು."

ಒಳಗಿಂದ ಅತ್ತೆ ಕಾಫಿ ಲೋಟ ತಂದು ಸೊಸೆಯ ಕೈಗಿಟ್ಟರು. "ಆ ಹೆಂಗಸು ಬದುಕಿದ್ದಾಳಲ್ಲ. ಮೊದಲು ಕುಡಿ. ನಾಳೆ ಹೋಗಿ ನಿಜ ಹೇಳು. ಸುಳ್ಳು ಹೇಳಿ ಬಂದ್ರೆ ನಿನಗೆ ಊಟ ಸೇರಲ್ಲ. ನಿನ್ನ ನೋಡ್ತಾ ನಮಗೂ ಸೇರಲ್ಲ."

ವಿಚಾರಣೆಯಲ್ಲಿ ದೊಡ್ಡ ಸಿಸ್ಟರ್ ಎಲ್ಲವನ್ನೂ ಹೇಳಿದರು. ಹತ್ತು ಸೆಕೆಂಡು, ಅಜ್ಜಿಯ ಕೈ, ಒಟ್ಟಿಗೆ ಬರೆಯುವ ರೂಢಿ. ಮೇಟ್ರನ್ ಮುಖ ಕೆಂಪಾಯಿತು. ಅವರ ಪಕ್ಕದಲ್ಲಿ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಾಕೆ ಕೂತಿದ್ದರು. ದಪ್ಪ ಕನ್ನಡಕ, ಕೈಯಲ್ಲಿ ಚಿಕ್ಕ ನೋಟ್‌ಬುಕ್. ಎಲ್ಲರ ಬಾಯಲ್ಲೂ ಅವರು ಕಂಪ್ಯೂಟರ್ ಮೇಡಂ.

"ಒಂದು ಡ್ಯೂಟಿಗೆ ಎಷ್ಟು ಸಲ ಲಾಕ್ ಆಗುತ್ತೆ?" ಎಂದು ಕೇಳಿದರು ಮೇಡಂ. ಗದರುವ ದನಿಯಲ್ಲ.

"ಎಣಿಸಿಲ್ಲ ಮೇಡಂ. ಎಣಿಸೋಕೂ ಟೈಮಿಲ್ಲ."

"ನಾನು ಎಣಿಸ್ತೀನಿ."

ಮೇಡಂ ಮರುದಿನ ಬೆಳಿಗ್ಗೆ ಏಳೂವರೆಗೆ ವಾರ್ಡಿಗೆ ಬಂದು, ನಾಲ್ಕನೇ ಬೆಡ್ಡಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತರು. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಕೆಲಸ ಕಿತ್ತುಕೊಳ್ಳೋಕೆ ಬಂದವಳು ನೀನೇನಾ?" ಎಂದರು.

"ನಿಮ್ಮನ್ನ ರಿಟೈರ್ ಮಾಡಿಸೋಕೆ ಬಂದೆ ಅಜ್ಜಿ."

"ಮಾಡು ತಾಯಿ. ಒಂದು ಪ್ರಾಣ ಹೋಗ್ತಿತ್ತಂತೆ ನನ್ನ ಕೈಯಿಂದ," ಎಂದು ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು. ಆ ಮಾತಿಗೆ ವಾರ್ಡಿನಲ್ಲಿ ಯಾರೂ ನಗಲಿಲ್ಲ.

ಎರಡೂವರೆಗೆ ಮೇಡಂ ನೋಟ್‌ಬುಕ್ ಮುಚ್ಚಿದರು. ಮೂವತ್ತೊಂಬತ್ತು ಸಲ ಲಾಕ್ ಆಗಿತ್ತು. ಅದರಲ್ಲಿ ನಿಜವಾಗಿ ಬೇಕಿದ್ದದ್ದು ಐದು. ಉಳಿದದ್ದೆಲ್ಲ ಬರೀ ಕಾಟ.

"ತಪ್ಪು ನಿಮ್ಮದೂ ಇದೆ, ನಮ್ಮದೂ ಇದೆ," ಎಂದರು. "ಈ ಬ್ಯಾಂಡಿಗೆ ನಿಮ್ಮ ನಾಡಿಯ ಗುರುತು ಕಲಿಸಿದ್ದು ಎಲ್ಲಿ?"

"ಆಫೀಸಲ್ಲಿ. ಕುರ್ಚಿ ಮೇಲೆ ಕೂರಿಸಿ, ಟೀ ಕೊಟ್ಟು."

"ಅದೇ ನೋಡಿ. ಟೀ ಕುಡಿಯೋ ನಾಡಿ ಅದಕ್ಕೆ ಗೊತ್ತು. ಓಡಾಡೋ ನಾಡಿ ಗೊತ್ತಿಲ್ಲ. ನೀವು ಓಡಿದ ಕೂಡಲೇ ಇವಳು ಯಾರೋ ಬೇರೆಯವಳು ಅನ್ನುತ್ತಿತ್ತು. ಕಾಟ ಜಾಸ್ತಿಯಾಯ್ತು ಅಂತ ಎರಡನೇ ವಾರಕ್ಕೇ ಯಾರೋ ನಾಡಿ ಹೋಲಿಸೋದನ್ನೇ ನಿಲ್ಲಿಸಿಬಿಟ್ಟಿದ್ದಾರೆ, ಯಾರ ನಾಡಿ ಆದ್ರೂ ನಡೆಯುತ್ತೆ ಅಂತ. ಅದಕ್ಕೇ ಅಜ್ಜಿ ಕೈ ನಡೆದದ್ದು. ಒದ್ದೆ ಕೈಗೆ ಗಾಜು ಆಗಲ್ಲ ಅಂತ ನನಗೆ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳ್ಬೇಕು ಅಂತಾನೇ ಗೊತ್ತಿರ್ಲಿಲ್ಲ," ಎಂದಳು ಚಿಕ್ಕ ಸಿಸ್ಟರ್. "ಹೇಳಿದ್ರೆ ಕೆಲಸ ಬರಲ್ಲ ಅಂದುಕೊಳ್ತಾರೆ ಅಂತ ಭಯ."

ದೊಡ್ಡ ಸಿಸ್ಟರ್‌ಗೆ ಬೇರೊಂದು ಸಂಶಯ ಬಹಳ ದಿನದಿಂದ ಕೊರೆಯುತ್ತಿತ್ತು. "ಮೇಡಂ, ಇಡೀ ದಿನ ನಾಡಿ ನೋಡುತ್ತಲ್ಲ ಇದು. ಎಲ್ಲಿದ್ದೆ, ಎಷ್ಟು ಸಲ ಬಾತ್‌ರೂಮಿಗೆ ಹೋದೆ, ಎಷ್ಟು ಹೊತ್ತು ಕೂತೆ, ಇದೆಲ್ಲ ಯಾರ ಕೈಗೆ ಹೋಗುತ್ತೆ? ನಾಳೆ ಇದನ್ನೇ ಹಿಡಿದು ನಮ್ಮನ್ನ ಹಂಗಿಸಲ್ವಾ?"

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. "ಹಂಗಿಸಬಹುದು. ಇಲ್ಲ ಅಂತ ನಾನು ಬಾಯಿಮಾತಲ್ಲಿ ಹೇಳಿದ್ರೆ ನೀವು ನಂಬಬಾರದು. ಬರೆಸಿಕೊಳ್ಳಿ. ನಾಡಿ ಗುರುತು, ಬೆರಳ ಗುರುತು ಬೀಗ ತೆರೆಯೋಕೆ ಮಾತ್ರ. ಹಾಜರಿಗಲ್ಲ, ಬೇಹುಗಾರಿಕೆಗಲ್ಲ. ಅದು ಯಾರೂ ಓದಲಾಗದ ಗುಟ್ಟಿನ ಅಕ್ಷರವಾಗಿ ಬ್ಯಾಂಡು, ಬೀರುವಿನ ಒಳಗೇ ಇರಬೇಕು. ಹೊರಗಿನವರಿಗೆ ಕೊಡಬಾರದು. ಕೆಲಸ ಬಿಟ್ಟ ದಿನ ಅಳಿಸಬೇಕು. ಯಾಕೆ ಗೊತ್ತಾ? ಪಾಸ್‌ವರ್ಡ್ ಕಳೆದುಹೋದ್ರೆ ಇನ್ನೊಂದು ಇಟ್ಕೋಬಹುದು. ಬೆರಳು ಕಳುವಾದ್ರೆ ಇನ್ನೊಂದು ಬೆರಳು ಎಲ್ಲಿಂದ ತರ್ತೀರಿ?"

ಇದನ್ನೆಲ್ಲ ಬರೆದ ಕಾಗದಕ್ಕೆ ಮೇಟ್ರನ್ ಸಹಿ ಹಾಕಲು ನಾಲ್ಕು ದಿನ ತೆಗೆದುಕೊಂಡರು. ಆದರೂ ಹಾಕಿದರು.

ಮಣಿಕಟ್ಟಿನ ಬ್ಯಾಂಡು ಹೋಗಿ ತೋಳಿಗೆ ಕಟ್ಟುವ ಬ್ಯಾಂಡು ಬಂತು, ಕೈ ತೊಳೆಯಲು ಬಿಚ್ಚಬೇಕಾಗಿಲ್ಲ. ಚಾರ್ಟು ಓದುವುದಕ್ಕೆ ಬ್ಯಾಂಡ್ ಸಾಕು. ನೋವಿನ ಜೋರು ಔಷಧಿಯ ಖಾನೆಗೆ ಮಾತ್ರ ಪ್ರತಿ ಸಲವೂ ಬೆರಳು ಕೇಳುತ್ತದೆ, ಮತ್ತು ಗಾಜಿನ ಪಕ್ಕದಲ್ಲೇ ಒಣ ಟವೆಲ್ಲು. ಬೆರಳು ಸವೆದು ಗುರುತು ಸಿಗದಿದ್ದರೆ ತನ್ನ ಗುಟ್ಟಿನ ಸಂಖ್ಯೆ ಒತ್ತಿ, ಪಕ್ಕದ ನರ್ಸಿನಿಂದ ಬೆರಳಿಡಿಸಿ ಒಪ್ಪಿಗೆ ಪಡೆದರಾಯಿತು. ಇಬ್ಬರ ಹೆಸರೂ ದಾಖಲಾಗುತ್ತದೆ. ಬೀರುವಿನ ಬಾಗಿಲಿಗೆ ಮೇಡಂ ಫೋನ್ ನಂಬರಿನ ಚೀಟಿ ಅಂಟಿಸಿದರು. ತೊಂದರೆ ಆದರೂ, ಬ್ಯಾಂಡು ಕಳೆದುಹೋದರೂ ಆ ಗಳಿಗೆಯಲ್ಲೇ ಹೇಳಬೇಕು. ಹೇಳಿದವರನ್ನು ಬೈಯುವಂತಿಲ್ಲ.

ನಾಡಿ ಹೋಲಿಸುವುದನ್ನು ಮತ್ತೆ ಶುರುಮಾಡಲು ನಾಡಿಯನ್ನು ಹೊಸದಾಗಿ ಕಲಿಸುವ ಕೆಲಸ ಉಳಿದಿತ್ತು. ಮೇಡಂ ಅದಕ್ಕೆ ಆರಿಸಿದ್ದು ಡ್ಯೂಟಿ ಮುಗಿಯುವ ಹೊತ್ತು. ದೊಡ್ಡ ಸಿಸ್ಟರ್ ಮೆಟ್ಟಿಲು ಹತ್ತಿ ಇಳಿದರು, ಟ್ರಾಲಿ ತಳ್ಳಿದರು, ಕೊನೆಗೆ ಗೋಡೆಗೆ ಒರಗಿ ನಿಂತರು.

"ಹಾಗೇ ನಿಲ್ಲಿ," ಎಂದರು ಮೇಡಂ. "ಈ ಸುಸ್ತೂ ಅದಕ್ಕೆ ಗೊತ್ತಿರಲಿ."

"ಮನೇಲಿ ಯಾರಿಗೂ ಗೊತ್ತಾಗಲ್ಲ, ಇದಕ್ಕಾದ್ರೂ ಗೊತ್ತಾಗ್ಲಿ ಬಿಡಿ," ಎಂದರು ದೊಡ್ಡ ಸಿಸ್ಟರ್. ಎಷ್ಟೋ ದಿನದ ಮೇಲೆ ಸ್ವಲ್ಪ ನಕ್ಕರು.

ಮುಂದಿನ ವಾರ ಮೇಡಂ ಮತ್ತೆ ಎಣಿಸಿದರು. ಡ್ಯೂಟಿಗೆ ಏಳು ಸಲ ಲಾಕ್. ಅಷ್ಟನ್ನು ಸಹಿಸಬಹುದಿತ್ತು. ಸುಸ್ತು ಮಾತ್ರ ಹಾಗೇ ಇತ್ತು. ನರ್ಸುಗಳ ಸಂಖ್ಯೆಯನ್ನು ಯಾವ ಬ್ಯಾಂಡೂ ಹೆಚ್ಚಿಸುವುದಿಲ್ಲ. ಮೂವರಿಗೂ ಎಚ್ಚರಿಕೆಯ ಪತ್ರ ಬಂತು. ಕೆಲಸ ಉಳಿಯಿತು.

ಮನೆಯಲ್ಲಿ ಅತ್ತೆ ಮಗನನ್ನು ಹಿಡಿದುಕೊಂಡರು. "ನಿನ್ನ ಅಂಗಡಿ ಫೋನಲ್ಲಿ ಎಷ್ಟು ಜನರ ಬೆರಳಿದೆಯೋ?"

ಟೈಲರ್ ತಲೆ ಕೆರೆದುಕೊಂಡ. "ನಂದು, ಇವಳದು, ಕಾಜಾ ಹಾಕೋನದು... ಎದುರು ಅಂಗಡಿಯವನು ಒಂದ್ಸಲ ಫೋನ್ ಮಾಡ್ಬೇಕು ಅಂದ, ಅವನದೂ ಹಾಕಿದ್ದೆ."

"ಊರಿಗೆಲ್ಲ ಬಾಗಿಲು ತೆಗೆದಿಟ್ಟು ಬೀಗ ಹಾಕಿದ್ದೀನಿ ಅಂತೀಯಲ್ಲೋ."

"ಏನೂ ಆಗಲ್ಲಮ್ಮ."

"ನಿನ್ನ ಹೆಂಡತಿಯೂ ಹಾಗೇ ಅಂದುಕೊಂಡಿದ್ಲು," ಎಂದರು ಅತ್ತೆ. ಟೈಲರ್ ಹೆಂಡತಿಯ ಮುಖ ನೋಡಿದ. ಫೋನು ತೆಗೆದು, ತನ್ನ ಬೆರಳೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿದ.

ಆಪರೇಷನ್ ಆದ ಹದಿಮೂರನೇ ದಿನ ಬೇಕರಿಯಾಕೆ ಮನೆಗೆ ಹೊರಟಳು. ಗಂಡ ಕೆಳಗೆ ಆಟೋ ತರಲು ಹೋಗಿದ್ದ. ದೊಡ್ಡ ಸಿಸ್ಟರ್ ಮಾತ್ರೆಗಳ ಚೀಟಿ ಓದಿ ಹೇಳಿ, ಊರುಗೋಲು ಕೈಗೆ ಕೊಟ್ಟರು. ಆಕೆ ಏಳಲಿಲ್ಲ.

"ಸಿಸ್ಟರ್, ನನಗೆ ಎರಡು ಸಲ ಸೂಜಿ ಹಾಕಿದ್ರು ಅಂತಾರಲ್ಲ. ನನಗೆ ನೋವಲ್ಲಿ ಏನೂ ಗೊತ್ತಾಗ್ಲಿಲ್ಲ. ಎರಡನೇದು ಯಾರು ಹಾಕಿದ್ದು?"

ದೊಡ್ಡ ಸಿಸ್ಟರ್ ಬೆಡ್ಡಿನ ತುದಿಗೆ ಕೂತರು. ಡ್ಯೂಟಿಯಲ್ಲಿ ರೋಗಿಯ ಬೆಡ್ಡಿನ ಮೇಲೆ ಅವರು ಕೂತದ್ದು ಅದೇ ಮೊದಲು.

"ಗೊತ್ತಿಲ್ಲಮ್ಮ."

"ನಾನು ಜಗಳಕ್ಕೆ ಕೇಳ್ತಿಲ್ಲ. ಮನೇಲಿ ಕೇಳ್ತಾರೆ, ಅದಕ್ಕೆ."

"ನಿಜವಾಗ್ಲೂ ಗೊತ್ತಿಲ್ಲ. ನಾನೇ ಇರಬಹುದು. ಬೇರೆಯವರೂ ಇರಬಹುದು. ಅದನ್ನ ಹೇಳೋ ವಸ್ತು ಒಂದಿತ್ತು, ನಾವೇ ಅದನ್ನ ಬಿಚ್ಚಿ ಬೇರೆಯವರ ಕೈಗೆ ಕಟ್ಟಿದ್ವಿ. ಇನ್ನು ಯಾವತ್ತೂ ಗೊತ್ತಾಗಲ್ಲ."

ಬೇಕರಿಯಾಕೆ ಅವರನ್ನೇ ನೋಡುತ್ತಿದ್ದಳು. ಕ್ಷಮಿಸಿದೆ ಎನ್ನಲಿಲ್ಲ, ಬೈಯಲೂ ಇಲ್ಲ. ಊರುಗೋಲು ಊರಿ ಎದ್ದು, ಒಂದೊಂದೇ ಹೆಜ್ಜೆಯಿಡುತ್ತಾ ಬಾಗಿಲು ದಾಟಿದಳು. ದೊಡ್ಡ ಸಿಸ್ಟರ್ ಮೆಟ್ಟಿಲಿನವರೆಗೆ ಅವಳ ಜೊತೆಯಲ್ಲೇ ನಡೆದರು.

ಇದನ್ನು ಓದುತ್ತಿರುವವರೇ, ಓದಿಸಿ ಕೇಳುತ್ತಿರುವವರೇ, ನಿಮ್ಮ ಕೆಲಸದ ಜಾಗದಲ್ಲೂ ಮುಖ ನೋಡುವ, ಬೆರಳು ಕೇಳುವ, ನಾಡಿ ಹಿಡಿಯುವ ಯಂತ್ರ ಬಂದಿರಬಹುದು, ಇಲ್ಲವೇ ಬರಬಹುದು. ಅದು ಕಾಟ ಕೊಟ್ಟರೆ ಗುಟ್ಟಾಗಿ ಉಪಾಯ ಹುಡುಕಬೇಡಿ, ಗಟ್ಟಿಯಾಗಿ ಹೇಳಿ. ಎಷ್ಟು ಸಲ ಕಾಟ ಕೊಟ್ಟಿತು ಎಂದು ಎಣಿಸಿ ತೋರಿಸಿ. ಗುರುತು ಕಲಿಸುವಾಗ ನೀವು ನಿಜವಾಗಿ ಕೆಲಸ ಮಾಡುವ ಹಾಗೆಯೇ ಕಲಿಸಿ. ನಿಮ್ಮ ಗುರುತು ಎಲ್ಲಿರುತ್ತದೆ, ಯಾತಕ್ಕೆ ಬಳಸುತ್ತಾರೆ ಎಂದು ಕೇಳಿ, ಬರೆಸಿಕೊಳ್ಳಿ. ಹಾಗೆ ಕೇಳುವುದು ನಿಮ್ಮ ಹಕ್ಕು. ನಿಮ್ಮ ಹೆಸರಿನಲ್ಲಿ ಇನ್ನೊಬ್ಬರ ಬೆರಳು ಬೇಡ, ಇನ್ನೊಬ್ಬರ ಹೆಸರಿನಲ್ಲಿ ನಿಮ್ಮದೂ ಬೇಡ, ಎಷ್ಟೇ ಆಪ್ತರಾಗಿರಲಿ.

ದಿನವಿಡೀ ದುಡಿದು ದಣಿದಾಗ ನಮ್ಮ ನೆನಪೇ ನಮಗೆ ಕೈಕೊಡುತ್ತದೆ. ಆಗ 'ಇದನ್ನು ಮಾಡಿದ್ದು ನೀನಲ್ಲ' ಎಂದೋ, 'ಹೌದು, ನೀನೇ, ಈಗಲೇ ಸರಿಪಡಿಸು' ಎಂದೋ ಹೇಳುವುದಕ್ಕೆ ಒಂದು ಸಾಕ್ಷಿ ಬೇಕು. ಆ ಸಾಕ್ಷಿಯನ್ನು ಬಿಚ್ಚಿಡಬೇಡಿ.